ಹೇಳಿದ ತಕ್ಷಣ ನಿಲ್ಲದ ರಾಜಕುಮಾರ

(ಮಡಿಕೇರಿಯಲ್ಲಿ ಮಳೆಗಾಲದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲಿ, ಅದೂ ಒಂದು ವಿಡಿಯೋ ಗೇಮ್ ಬಗ್ಗೆ ಕೇಳೋಕೆ ಇಷ್ಟು ಜನ ಬರುತ್ತಾರೆ ಅಂತ ಏರ್ಪಾಡು ಮಾಡಿದವರಿಗೇ ನಂಬಿಕೆ ಇರಲಿಲ್ಲ. ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ತಂದಿದ್ದಾರೆ. ಗೇಮ್ ಅಂದರೇನು ಅಂತ ಗೊತ್ತಿಲ್ಲದ ಹಿರಿಯರೂ ಇದ್ದೀರಿ. ಪರವಾಗಿಲ್ಲ, ಕಥೆ ಗೊತ್ತಾದರೆ ಸಾಕು.

ನಾನು ಮಾತಾಡೋದು ಪ್ರಿನ್ಸ್ ಆಫ್ ಪರ್ಷಿಯಾ ಬಗ್ಗೆ. 2003ರಲ್ಲಿ ಬಂದದ್ದಲ್ಲ, ಸಿನಿಮಾನೂ ಅಲ್ಲ. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ, 1990ರಲ್ಲಿ ಆಗಿನ ಪಿಸಿಗಳನ್ನು ನಡೆಸುತ್ತಿದ್ದ ಡಾಸ್‌ಗೆ ಬಂದ ಮೊದಲನೇ ಆಟ. ಕಥೆ ಎರಡು ನಿಮಿಷದ್ದು. ಸುಲ್ತಾನ ದೂರದಲ್ಲಿ ಯುದ್ಧಕ್ಕೆ ಹೋಗಿದ್ದಾನೆ. ಮಂತ್ರಿ ಜಾಫರ್ ಅಧಿಕಾರ ಕಿತ್ತುಕೊಂಡಿದ್ದಾನೆ. ರಾಜಕುಮಾರಿಯ ಮುಂದೆ ಮರಳು ಗಡಿಯಾರ ಇಟ್ಟು, ಒಂದು ಗಂಟೆಯೊಳಗೆ ನನ್ನನ್ನು ಮದುವೆಯಾಗು, ಇಲ್ಲವಾದರೆ ಸಾಯಿ ಅನ್ನುತ್ತಾನೆ. ಅವಳು ಪ್ರೀತಿಸಿದ ಹುಡುಗ ನೆಲಮಾಳಿಗೆಯ ಸೆರೆಮನೆಯಲ್ಲಿದ್ದಾನೆ. ಆ ಹುಡುಗ ನಾವು. ಅಲ್ಲಿಂದ ಹನ್ನೆರಡು ಹಂತ ದಾಟಿ ಗೋಪುರಕ್ಕೆ ಬರಬೇಕು. ಅರವತ್ತು ನಿಮಿಷ. ಅಷ್ಟೇ.

ಅಂದ ಹಾಗೆ, ಕಥೆಯ ಪ್ರಕಾರ ಅವನು ರಾಜಕುಮಾರನೇ ಅಲ್ಲ. ಬೇರೆ ದೇಶದಿಂದ ಬಂದ ಒಬ್ಬ ಅಲೆಮಾರಿ. ಗೆದ್ದರೆ ರಾಜಕುಮಾರ ಆಗುತ್ತಾನೆ. ಆದರೆ ನಮ್ಮಲ್ಲಿ ಎಲ್ಲರೂ ಅವನನ್ನು ಮೊದಲ ದಿನದಿಂದಲೇ ಪ್ರಿನ್ಸ್ ಅಂತಲೇ ಕರೆದರು. ನಾನೂ ಹಾಗೇ ಕರೆಯುತ್ತೇನೆ.

ತೊಂಬತ್ತರ ದಶಕದಲ್ಲಿ ದಕ್ಷಿಣ ಕೊಡಗಿನ ಒಂದು ಪೇಟೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದೆ. ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್. ಕಲಿಯೋಕೆ ಬಂದವರು ಕಾಫಿ ತೋಟದ ಮಕ್ಕಳು, ಪೇಟೆಯ ಅಂಗಡಿಯವರ ಮಕ್ಕಳು, ಕೆಲವರು ಎಸ್ಟೇಟ್ ಆಫೀಸಿನ ರೈಟರುಗಳು. ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಆಟಕ್ಕೆ ಬಿಡುತ್ತಿದ್ದೆ. ಆಗ ಕಿವಿಗೆ ಬಿದ್ದ ಮಾತುಗಳು, ಆಮೇಲೆ ಅದೇ ಹುಡುಗ ಹುಡುಗಿಯರು ದೊಡ್ಡವರಾಗಿ ಊರಿಗೆ ಬಂದಾಗ ಕೂತು ಮಾತಾಡಿದ್ದು, ಇತ್ತೀಚೆಗೆ ಅವರ ಮಕ್ಕಳು ಹೇಳಿದ್ದು, ಇವೇ ಇವತ್ತಿನ ಸರಕು. ಆಟದ ಬಗ್ಗೆ ಆಡಿದವರು ಏನಂತಾರೆ ಅನ್ನೋದು ನನಗೆ ಆಟದಷ್ಟೇ ರುಚಿ.

ಎಲ್ಲರಿಗಿಂತ ಜಾಸ್ತಿ ಕೇಳಿದ ದೂರು ಒಂದೇ. "ಸರ್, ಅವನು ಮಾತು ಕೇಳಲ್ಲ."

ಈ ದೂರನ್ನು ಸ್ವಲ್ಪ ಬಿಡಿಸಿ ನೋಡೋಣ. ಆಗ ಎಲ್ಲ ಲ್ಯಾಬಿನಲ್ಲೂ ಇದ್ದ ಇನ್ನೊಂದು ಆಟ ಡೇಂಜರಸ್ ಡೇವ್, ನಮ್ಮ ಬಾಯಲ್ಲಿ ಬರೀ ಡೇವ್. ಡೇವ್‌ಗೆ ಕೀ ಒತ್ತಿದ ಕ್ಷಣ ಹಾರುತ್ತಾನೆ, ಬಿಟ್ಟ ಕ್ಷಣ ನಿಲ್ಲುತ್ತಾನೆ. ಮಾರಿಯೋನೂ ಹೆಚ್ಚುಕಡಿಮೆ ಹಾಗೇ, ಗಾಳಿಯಲ್ಲಿದ್ದಾಗಲೂ ಹಿಂದೆ ಮುಂದೆ ತಿರುಗಿಸಬಹುದು. ಪ್ರಿನ್ಸ್ ಹಾಗಲ್ಲ. ಬಾಣದ ಕೀ ಒತ್ತಿದರೆ ಮೊದಲು ಮೈ ಮುಂದಕ್ಕೆ ಬಾಗುತ್ತದೆ, ಆಮೇಲೆ ಕಾಲು ಕೀಳುತ್ತಾನೆ, ಆಮೇಲೆ ಓಟ. ಕೀ ಬಿಟ್ಟರೆ ಇನ್ನೊಂದೆರಡು ಹೆಜ್ಜೆ ಹಾಕಿಯೇ ನಿಲ್ಲೋದು. ಓಡುವಾಗ ಹಿಂದಕ್ಕೆ ತಿರುಗಿಸಿದರೆ ಜಾರಿಕೊಂಡು ಹೋಗಿ, ಕಾಲು ಊರಿ, ತಿರುಗುತ್ತಾನೆ. ಅಷ್ಟರಲ್ಲಿ ಮುಂದೆ ಗುಂಡಿ ಇದ್ದರೆ ಮುಗಿಯಿತು. ಒಮ್ಮೆ ಹಾರಿದ ಮೇಲೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಹೆಚ್ಚೆಂದರೆ ಶಿಫ್ಟ್ ಹಿಡಿದು, ಅಂಚು ಕೈಗೆ ಸಿಗಲಿ ಅಂತ ಕಾಯಬಹುದು.

ಅಮ್ಮತ್ತಿ ಕಡೆಯ ಒಬ್ಬ ಹುಡುಗ ಹಾಕಿ ಆಡುತ್ತಿದ್ದ, ಭಾರಿ ಚುರುಕು. ಡೇವ್‌ನಲ್ಲಿ ಅವನನ್ನು ಯಾರೂ ಮುಟ್ಟೋಕೆ ಆಗುತ್ತಿರಲಿಲ್ಲ. ಪ್ರಿನ್ಸ್‌ನಲ್ಲಿ ಮಾತ್ರ ಪದೇ ಪದೇ ಅದೇ ಮುಳ್ಳಿನ ಮೇಲೆ ಬಿದ್ದು ಸಾಯುತ್ತಿದ್ದ. "ನಾನು ಸರಿಯಾಗೇ ಒತ್ತಿದ್ದೆ, ಇವನೇ ಲೇಟು" ಅಂತ ಕೀಬೋರ್ಡಿಗೆ ಬೈಯುತ್ತಿದ್ದ. ಅವನ ಪಕ್ಕ ಕೂರುತ್ತಿದ್ದ ಒಬ್ಬಳು ಹುಡುಗಿ ಟೈಪಿಂಗ್‌ನಲ್ಲೂ ನಿಧಾನ, ಮಾತಲ್ಲೂ ನಿಧಾನ. ಅವಳು ನಾಲ್ಕನೇ ಹಂತಕ್ಕೆ ಹೋಗಿ ಆರಾಮಾಗಿ ಕೂತಿದ್ದಳು. ಹೇಗಮ್ಮ ಅಂತ ಕೇಳಿದರೆ, "ಅವನಿಗೆ ಟೈಮ್ ಕೊಡಬೇಕು ಸರ್" ಅಂದಳು. ಈ ಆಟದ ಬಗ್ಗೆ ಆಮೇಲೆ ಎಷ್ಟೋ ಜನ ಎಷ್ಟೋ ಹೇಳಿದರು. ಅವಳ ಈ ಒಂದು ಮಾತಿಗೆ ಸಮ ಅನ್ನಿಸುವಂಥದ್ದು ನನಗೆ ಸಿಕ್ಕಿಲ್ಲ.

ಆ ತಡ ಎಲ್ಲಿಂದ ಬಂತು ಅಂತ ಗೊತ್ತಾದರೆ ದೂರಿನ ಬಣ್ಣವೇ ಬದಲಾಗುತ್ತದೆ. ಆಟ ಬರೆದ ಜೋರ್ಡನ್ ಮೆಕ್ನರ್ ಆಗ ಇಪ್ಪತ್ತು ದಾಟಿದ ಹುಡುಗ. 1984ರಲ್ಲಿ ಕರಾಟೆಕಾ ಅನ್ನೋ ಆಟ ಬರೆದು ಹೆಸರು ಮಾಡಿದ್ದ. 1985ರಲ್ಲಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಊರಿನ ಹೈಸ್ಕೂಲಿನ ಎದುರಿಗಿದ್ದ ಕಾರ್ ಪಾರ್ಕಿಂಗ್ ಜಾಗದಲ್ಲಿ ಓಡಿಸಿದ, ಹಾರಿಸಿದ, ಗೋಡೆ ಹತ್ತಿಸಿದ. ಅದನ್ನೆಲ್ಲ ವಿಡಿಯೋ ಮಾಡಿದ. ಆಗ ವಿಡಿಯೋವನ್ನು ಕಂಪ್ಯೂಟರಿಗೆ ನೇರವಾಗಿ ಹಾಕೋದು ಸುಲಭ ಇರಲಿಲ್ಲ. ಅದಕ್ಕೆ ಟಿವಿಯಲ್ಲಿ ವಿಡಿಯೋ ಓಡಿಸಿ, ನಿಲ್ಲಿಸಿ ನಿಲ್ಲಿಸಿ, ಟಿವಿ ಪರದೆಯ ಫೋಟೋ ತೆಗೆದ. ಫೋಟೋ ತೊಳೆಸಿ, ಆಕೃತಿಯ ಸುತ್ತ ಕಪ್ಪು ಮಾರ್ಕರ್ ಮತ್ತು ಬಿಳಿ ವೈಟ್ನರ್ ಹಚ್ಚಿ, ಜೆರಾಕ್ಸ್ ಮಾಡಿ, ಕೊನೆಗೆ ಅದನ್ನು ಕಂಪ್ಯೂಟರಿಗೆ ತಂದ. ಒಂದೊಂದು ಭಂಗಿಗೂ ಇಷ್ಟು ಕೆಲಸ. ಕತ್ತಿ ವರಸೆಗೆ ತಮ್ಮ ಸಾಕಾಗಲಿಲ್ಲ. 1938ರ ರಾಬಿನ್ ಹುಡ್ ಸಿನಿಮಾದ ಕೊನೆಯ ಕಾಳಗದಲ್ಲಿ ಇಬ್ಬರೂ ಪಕ್ಕದಿಂದ ಚೆನ್ನಾಗಿ ಕಾಣುವ ಕೆಲವು ಸೆಕೆಂಡ್ ಇದೆ. ಅದನ್ನು ಎತ್ತಿಕೊಂಡ.

ಅಂದರೆ ಪರದೆ ಮೇಲೆ ಓಡುತ್ತಿರೋದು ಒಬ್ಬ ನಿಜವಾದ ಹುಡುಗನ ಮೈ. ನಿಜವಾದ ಹುಡುಗ ಓಡುತ್ತಿದ್ದವನು ಗಕ್ಕನೆ ನಿಲ್ಲಲ್ಲ, ಅಲ್ವಾ? ಎರಡು ಹೆಜ್ಜೆ ಬೇಕೇ ಬೇಕು. ಆ ಎರಡು ಹೆಜ್ಜೆಯನ್ನು ತೆಗೆದುಹಾಕಿ ಆಟವನ್ನು ಚುರುಕು ಮಾಡಬಹುದಿತ್ತು. ಅವನು ತೆಗೆಯಲಿಲ್ಲ. ನನ್ನ ಪ್ರಕಾರ ದೂರುವವರು ಹೇಳೋದು ನೂರಕ್ಕೆ ನೂರು ನಿಜ. ಅವನು ತಡ ಮಾಡುತ್ತಾನೆ. ಆದರೆ ಮೆಚ್ಚುವವರು ಮೆಚ್ಚೋದೂ ಆ ತಡವನ್ನೇ. ಎರಡು ಪಂಗಡ, ಒಂದೇ ಕಾರಣ.

ಶಿಫ್ಟ್ ಹಿಡಿದು ಬಾಣದ ಕೀ ಒತ್ತಿದರೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡಬೇಕು. ಪ್ರಿನ್ಸ್ ಒಂದೇ ಒಂದು ಹೆಜ್ಜೆ, ತುದಿಗಾಲಲ್ಲಿ, ಮುಂದಿಡುತ್ತಾನೆ. ಇನ್ನೊಮ್ಮೆ ಒತ್ತಿದರೆ ಇನ್ನೊಂದು. ಅಂಚಿಗೆ ಬಂದಾಗ ಸರಿಯಾಗಿ ಅಂಚಿನಲ್ಲೇ ನಿಲ್ಲುತ್ತಾನೆ. ಆಗಲೂ ಒತ್ತಿದರೆ ಕಾಲು ಮುಂದೆ ಚಾಚಿ, ನೆಲ ಇದೆಯಾ ಅಂತ ನೋಡಿ, ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಒಂದು ಸಲ ಮಾತ್ರ. ಮತ್ತೆ ಒತ್ತಿದಿರೋ, ನಿಮ್ಮ ಹಣೆಬರಹ. ನೆಲದಿಂದ ಎದ್ದು ಬರುವ ಮುಳ್ಳುಗಳ ನಡುವೆಯೂ ಹೀಗೆ ಹೆಜ್ಜೆ ಹೆಜ್ಜೆ ಇಟ್ಟರೆ ಏನೂ ಆಗಲ್ಲ. ಓಡಿದರೆ ಚುಚ್ಚಿ ಸಾಯುತ್ತಾನೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲು ಮೆಟ್ಟಿಲು ಇಳಿಯೋದು ನಿಮಗ್ಯಾರಿಗೂ ನಾನು ಹೇಳಿಕೊಡಬೇಕಿಲ್ಲ. ಹಾಗೆ.

ಬೀಳೋದಕ್ಕೂ ಲೆಕ್ಕ ಇದೆ. ಒಂದು ಅಂತಸ್ತು ಬಿದ್ದರೆ ಮೊಣಕಾಲು ಬಗ್ಗಿಸಿ ಎದ್ದು ನಿಲ್ಲುತ್ತಾನೆ. ಎರಡು ಅಂತಸ್ತಾದರೆ ಪರದೆಯ ಕೆಳಗೆ ಜೀವ ತೋರಿಸುವ ಕೆಂಪು ತ್ರಿಕೋನಗಳಲ್ಲಿ ಒಂದು ಹೋಗುತ್ತದೆ. ಮೂರಾದರೆ ಸಾವು. ಶುರುವಿಗೆ ತ್ರಿಕೋನ ಮೂರೇ. ಈ ಲೆಕ್ಕ ಎಲ್ಲೂ ತಪ್ಪಲ್ಲ. ಆದ್ದರಿಂದಲೇ, ಸತ್ತವರು ಆಟವನ್ನು ಬೈದರೂ ಅನ್ಯಾಯ ಅಂತ ಬೈದದ್ದು ನನಗೆ ನೆನಪಿಲ್ಲ. ಕಷ್ಟ ಅಂದರು, ನಿಧಾನ ಅಂದರು, ಬೋರು ಅಂದರು. ಮೋಸ ಅಂತ ಮಾತ್ರ ಅನ್ನಲಿಲ್ಲ.

ಒಂದು ಕಡೆ ಮಾತ್ರ ಅಂದರು. ಮೊದಲ ಹಂತ ಮುಗಿದ ಕೂಡಲೇ ಒಂದು ಕೋಣೆ. ತುಂಬಾ ಬಾಟಲಿಗಳು, ಒಂದೊಂದರ ಮೇಲೂ ಒಂದು ಇಂಗ್ಲಿಷ್ ಅಕ್ಷರ. ಆಟದ ಪುಸ್ತಕದ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಬಾಟಲಿ ಕುಡಿ ಅಂತ ಹೇಳುತ್ತದೆ. ಕಳ್ಳ ಕಾಪಿ ತಡೆಯೋಕೆ ಮಾಡಿದ ಉಪಾಯ. ಪುಸ್ತಕ ಯಾರ ಹತ್ತಿರ ಇತ್ತು? ಆಟ ನಮ್ಮ ಕಡೆ ಬಂದದ್ದು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಯಾರದ್ದೋ ಜೇಬಿನಲ್ಲಿದ್ದ ಫ್ಲಾಪಿಯಲ್ಲಿ. ಬೀಗ ಒಡೆದ ಕಾಪಿ ಸಿಕ್ಕವರು ಪುಣ್ಯವಂತರು. ಒಡೆಯದ ಕಾಪಿ ಸಿಕ್ಕವರು ಆ ಕೋಣೆಯಲ್ಲಿ ಅದೃಷ್ಟ ನಂಬಿ ಕುಡಿಯುತ್ತಾ ಕುಡಿಯುತ್ತಾ ಸತ್ತರು. ಇದೂ ಆಟದ ಒಂದು ಒಗಟು, ಬಿಡಿಸೋಕೆ ನಮಗೆ ಬುದ್ಧಿ ಸಾಲದು ಅಂತ ಎಷ್ಟೋ ಜನ ನಂಬಿದ್ದರು. ಪಾಪ.

ಈಗ ಗಡಿಯಾರಕ್ಕೆ ಬರೋಣ. ಅರವತ್ತು ನಿಮಿಷ ಅಂದೆನಲ್ಲ, ಅದು ನಿಜವಾದ ಅರವತ್ತು ನಿಮಿಷ. ಸತ್ತರೆ ಅದೇ ಹಂತದ ಶುರುವಿಗೆ ಹೋಗುತ್ತೀರಿ, ಎಷ್ಟು ಸಲ ಬೇಕಾದರೂ ಸಾಯಬಹುದು. ಆದರೆ ಗಡಿಯಾರ ಹಿಂದಕ್ಕೆ ಹೋಗಲ್ಲ. ನಡುನಡುವೆ ಪರದೆ ಕೆಳಗೆ ಇನ್ನು ಇಷ್ಟು ನಿಮಿಷ ಉಳಿದಿದೆ ಅಂತ ಬರೆಯುತ್ತದೆ. ಸ್ಪೇಸ್ ಬಾರ್ ಒತ್ತಿಯೂ ನೋಡಬಹುದು. ನೋಡದೇ ಇರೋದು ಒಳ್ಳೆಯದು.

ಇದರ ಬಗ್ಗೆ ಅಭಿಪ್ರಾಯ ಹೇಳುವವರಲ್ಲಿ ಒಂದು ತಮಾಷೆ ಕಂಡಿದ್ದೇನೆ. ಮನೆಯಲ್ಲಿ ಸ್ವಂತ ಕಂಪ್ಯೂಟರ್ ಇದ್ದವರಿಗೆ ಗಡಿಯಾರ ಇಷ್ಟ. ಅದೇ ಆಟದ ಜೀವ ಅನ್ನುತ್ತಾರೆ. ನಮ್ಮ ಕ್ಲಾಸಿನವರಿಗೆ ಅದು ದೊಡ್ಡ ತಲೆನೋವು. ನಾನು ಬಿಡುತ್ತಿದ್ದುದು ಅರ್ಧ ಗಂಟೆ. ಆಟ ಕೇಳುತ್ತಿದ್ದುದು ಒಂದು ಗಂಟೆ. ಮೂರನೇ ಹಂತದಿಂದ ಮುಂದೆ ಕಂಟ್ರೋಲ್ ಮತ್ತು ಜಿ ಒತ್ತಿದರೆ ಆಟ ಸೇವ್ ಆಗುತ್ತದೆ, ನಿಜ. ಆದರೆ ಸೇವ್ ಆಗೋದು ಒಂದೇ ಫೈಲಿನಲ್ಲಿ. ಬೆಳಗಿನ ಬ್ಯಾಚಿನವನು ಏಳನೇ ಹಂತಕ್ಕೆ ಹೋಗಿ, ನಲವತ್ತು ನಿಮಿಷ ಉಳಿಸಿ, ಸೇವ್ ಮಾಡಿ ಹೋಗಿರುತ್ತಾನೆ. ಮಧ್ಯಾಹ್ನದ ಬ್ಯಾಚಿನವನು ಮೂರನೇ ಹಂತದಲ್ಲಿ ಹನ್ನೆರಡು ನಿಮಿಷ ಉಳಿಸಿಕೊಂಡು ಅದರ ಮೇಲೇ ಸೇವ್ ಮಾಡುತ್ತಾನೆ. ಮಾರನೇ ದಿನ ಬಾಗಿಲು ತೆಗೆಯೋ ಹೊತ್ತಿಗೆ ಜಗಳ ಶುರು. ನಾನು ಫೈಲ್ ಕಾಪಿ ಮಾಡಿ ಬೇರೆ ಹೆಸರಿಡೋದು ಹೇಳಿಕೊಟ್ಟ ಮೇಲೆ ಜಗಳ ನಿಂತಿತು. ಡಾಸ್ ಕಮಾಂಡುಗಳನ್ನು ಅಷ್ಟು ಶ್ರದ್ಧೆಯಿಂದ ಯಾವ ಬ್ಯಾಚೂ ಕಲಿತದ್ದಿಲ್ಲ.

ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಜೂನ್ ಜುಲೈನಲ್ಲಿ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಯುಪಿಎಸ್ ಹತ್ತು ನಿಮಿಷ ಕೀಂಯ್ ಅಂತ ಕೂಗಿ ಸುಮ್ಮನಾಗುತ್ತದೆ. ಆ ಹತ್ತು ನಿಮಿಷದಲ್ಲಿ ಲೋಟಸ್ ಫೈಲ್ ಸೇವ್ ಮಾಡಿ ಅಂತ ನಾನು ಕೂಗುತ್ತಿದ್ದೆ. ಎಲ್ಲರ ಕೈಯೂ ಕಂಟ್ರೋಲ್ ಜಿ ಮೇಲೆ.

ಇಲ್ಲಿ ಒಬ್ಬರು ಕೇಳಿದರು: "ಇಷ್ಟು ಕಾಟ ಕೊಡೋ ಆಟವನ್ನು ಯಾಕೆ ಆಡ್ತಿದ್ರು? ಬೇರೆ ಆಟ ಇರಲಿಲ್ವಾ?"

ಇದ್ದವು. ಆದರೂ ಇದನ್ನೇ ಆಡಿದರು. ಒಂದು ಕಾರಣ, ಸದ್ದಿಲ್ಲ. ನಮ್ಮ ಮಷಿನ್‌ಗಳಲ್ಲಿ ಸೌಂಡ್ ಕಾರ್ಡ್ ಇರಲಿಲ್ಲ, ಒಳಗಿನ ಪುಟ್ಟ ಸ್ಪೀಕರ್ ಒಂದೇ. ಆಡುವಾಗ ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಹೆಜ್ಜೆ ಸದ್ದು, ಬಾಗಿಲು ಕಿರ್ ಅಂತ ಏಳೋದು, ದೂರದ ಕೋಣೆಯಲ್ಲಿ ಸಡಿಲವಾದ ಕಲ್ಲು ಬಿದ್ದು ಒಡೆಯೋದು. ಅಷ್ಟೇ. ಮಧ್ಯೆ ಮಧ್ಯೆ ಬರುವ ಸಣ್ಣ ರಾಗಗಳನ್ನು ಮಾಡಿದ್ದು ಮೆಕ್ನರ್‌ನ ಅಪ್ಪ. ಮುಂದೆ 1992ರಲ್ಲಿ, ಟಿವಿಗೆ ಜೋಡಿಸಿ ಆಡುವ ಸೂಪರ್ ನಿಂಟೆಂಡೋಗೆ ಬಂದಾಗ ಹಂತಗಳನ್ನು ಇಪ್ಪತ್ತಕ್ಕೆ, ಸಮಯವನ್ನು ಎರಡು ಗಂಟೆಗೆ ಏರಿಸಿ, ಉದ್ದಕ್ಕೂ ಸಂಗೀತ ಹಾಕಿದರು. ದುಬೈಯಲ್ಲಿ ಬೆಳೆದು ಅದನ್ನೇ ಮೊದಲು ಆಡಿದ ಒಬ್ಬರು ಇದೇ ಶ್ರೇಷ್ಠ ಅಂತ ನನ್ನ ಜೊತೆ ವಾದ ಮಾಡಿದ್ದಾರೆ. ಬಣ್ಣ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಆ ನೆಲಮಾಳಿಗೆಯಲ್ಲಿ ಮೇಳ ಊದಿದರೆ ಭಯ ಎಲ್ಲಿಂದ ಬರಬೇಕು?

ಇನ್ನೊಂದು ಕಾರಣ ನೆರಳು. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೆಕ್ನರ್‌ಗೆ ಮೊದಲು ಈ ಆಟದಲ್ಲಿ ಕಾಳಗವೇ ಬೇಡವಾಗಿತ್ತು. ಓಡೋದು, ಹಾರೋದು, ತಪ್ಪಿಸಿಕೊಳ್ಳೋದು ಸಾಕು ಅಂದುಕೊಂಡಿದ್ದ. ಅರ್ಧ ಆಗಿದ್ದ ಆಟವನ್ನು ನೋಡಿದ ಗೆಳತಿ, ಸಹೋದ್ಯೋಗಿ ಟೋಮಿ ಪಿಯರ್ಸ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಕಾಳಗ ಬೇಕು, ಕಾಳಗ ಬೇಕು ಅಂತ ಬಿಡದೆ ಹೇಳಿದಳು. ಈ ಆಟದ ಬಗ್ಗೆ ಬಂದ ಅಭಿಪ್ರಾಯಗಳಲ್ಲೆಲ್ಲ ಅತಿ ಹೆಚ್ಚು ಕೆಲಸ ಮಾಡಿದ ಅಭಿಪ್ರಾಯ ಅದೇ ಇರಬೇಕು. ತೊಂದರೆ ಏನಂದರೆ ಆಪಲ್ 2ರಲ್ಲಿ ಮೆಮೊರಿಯೇ ಇರಲಿಲ್ಲ. ಪ್ರಿನ್ಸ್‌ನ ಭಂಗಿಗಳೇ ಜಾಗ ತಿಂದು ಮುಗಿಸಿದ್ದವು. ಶತ್ರುವಿಗೆ ಹೊಸ ಚಿತ್ರ ಇಡೋಕೆ ತಾಣವಿಲ್ಲ. ಆಗ ಹೊಳೆದ ಉಪಾಯ: ಪ್ರಿನ್ಸ್‌ನ ಚಿತ್ರವನ್ನೇ ತೆಗೆದುಕೊಂಡು, ಅದರ ಮೇಲೆ ಅದನ್ನೇ ಒಂದು ಚುಕ್ಕಿಯಷ್ಟು ಸರಿಸಿ ಹಾಕಿ, ಎರಡೂ ಸೇರುವ ಕಡೆ ಅಳಿಸಿಬಿಟ್ಟರೆ? ಉಳಿಯೋದು ಅಂಚುಗಳು ಮಾತ್ರ. ಮಿಣಮಿಣ ಅನ್ನುವ ಒಂದು ಆಕೃತಿ. ಹೊಸ ಮೆಮೊರಿ ಬೇಕಿಲ್ಲ, ಹೊಸ ಶತ್ರು ಸಿಕ್ಕ. ಆಮೇಲೆ ಹೇಗೋ ಜಾಗ ಮಾಡಿ ಕಾವಲುಗಾರರನ್ನೂ ತಂದ. ಆದರೆ ಮೊದಲು ಹುಟ್ಟಿದವನು ನೆರಳು.

ಆಟದಲ್ಲಿ ಅವನು ಬರೋದು ನಾಲ್ಕನೇ ಹಂತದಲ್ಲಿ. ಹೊರಗೆ ಹೋಗುವ ದಾರಿಗೆ ಅಡ್ಡ ಒಂದು ಕನ್ನಡಿ ನಿಂತಿರುತ್ತದೆ. ಹತ್ತೋಕಾಗಲ್ಲ, ಸುತ್ತಿ ಹೋಗೋಕಾಗಲ್ಲ. ಓಡಿ ಬಂದು ಅದರೊಳಗೇ ಹಾರಬೇಕು. ಹಾರಿದರೆ ಈ ಕಡೆಯಿಂದ ನೀವು ಹೊರಬರುತ್ತೀರಿ, ಆ ಕಡೆಯಿಂದ ನಿಮ್ಮ ನೆರಳು. ನಿಮ್ಮ ತ್ರಿಕೋನಗಳಲ್ಲಿ ಒಂದೇ ಉಳಿದಿರುತ್ತದೆ. ಐದನೇ ಹಂತದಲ್ಲಿ ನಿಮ್ಮ ಕಣ್ಣೆದುರೇ ನಿಮಗೆ ಸಿಗಬೇಕಿದ್ದ, ಜೀವ ಕೊಡುವ ಬಾಟಲಿಯನ್ನು ಕುಡಿದು ಹೋಗುತ್ತಾನೆ. ಆರರಲ್ಲಿ ಗುಂಡಿಯ ಆಚೆ ನಿಂತು, ನೀವು ಹಾರುವಾಗ ಸರಿಯಾಗಿ ಬಾಗಿಲು ಮುಚ್ಚಿ ನಿಮ್ಮನ್ನು ಕೆಳಗೆ ಬೀಳಿಸುತ್ತಾನೆ. ಆ ಬಾಟಲಿ ಕುಡಿದಾಗ ಲ್ಯಾಬಿನಲ್ಲಿ ಎದ್ದ ಗಲಾಟೆ ಇನ್ನೂ ಕಿವಿಯಲ್ಲಿದೆ. ಕಾವಲುಗಾರ ಚುಚ್ಚಿ ಕೊಂದರೆ ಯಾರೂ ಅಷ್ಟು ಸಿಟ್ಟಾಗುತ್ತಿರಲಿಲ್ಲ.

ಹನ್ನೆರಡನೇ ಹಂತದಲ್ಲಿ ಅವನು ಕತ್ತಿ ಹಿಡಿದು ಎದುರು ನಿಲ್ಲುತ್ತಾನೆ. ಅಷ್ಟು ಹೊತ್ತಿಗೆ ನೀವು ಕತ್ತಿಯಲ್ಲಿ ಪಳಗಿದ್ದೀರಿ. ಒಂದೇಟು ಹಾಕುತ್ತೀರಿ. ಅವನ ತ್ರಿಕೋನ ಒಂದು ಹೋಗುತ್ತದೆ, ನಿಮ್ಮದೂ ಒಂದು ಹೋಗುತ್ತದೆ. ಅವನನ್ನು ಕೊಂದರೆ ನೀವೂ ಸಾಯುತ್ತೀರಿ. ಇಲ್ಲಿಗೆ ಬಂದು ನಿಂತುಹೋದವರು ಎಷ್ಟೋ ಜನ. ಕೆಲವರು ಆಟವೇ ಕೆಟ್ಟಿದೆ, ಫ್ಲಾಪಿ ಸರಿಯಿಲ್ಲ ಅಂತ ತೀರ್ಮಾನ ಮಾಡಿದರು. ಉತ್ತರ ಏನಂದರೆ, ಕೆಳಗಿನ ಬಾಣ ಒತ್ತಿ ಕತ್ತಿ ಒರೆಗೆ ಹಾಕಬೇಕು. ಅವನೂ ಹಾಕುತ್ತಾನೆ. ಆಮೇಲೆ ಅವನೊಳಗೇ ನಡೆದುಹೋಗಬೇಕು. ಇಬ್ಬರೂ ಒಂದಾಗುತ್ತಾರೆ. ಅದರಾಚೆ ನೆಲವೇ ಕಾಣದ ಕಡೆ ಓಡಿದರೆ ಕಾಲ ಕೆಳಗೆ ಒಂದೊಂದೇ ಕಲ್ಲು ಮೂಡುತ್ತದೆ.

ಇದರ ಬಗ್ಗೆ ಅಭಿಪ್ರಾಯ ಇವತ್ತಿಗೂ ಎರಡು. ಸಿದ್ದಾಪುರದಲ್ಲಿ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯ ಹೇಳುತ್ತಾನೆ, "ಹನ್ನೊಂದು ಹಂತ ಕತ್ತಿ ಬೀಸೋದು ಕಲಿಸಿ, ಹನ್ನೆರಡರಲ್ಲಿ ಬೀಸಬೇಡ ಅಂದ್ರೆ ಅದು ಯಾವ ನ್ಯಾಯ ಸರ್? ಒಂದು ಸುಳಿವಾದ್ರೂ ಕೊಡಬೇಕಿತ್ತು." ಅವನ ಮಾತಿನಲ್ಲಿ ಹುರುಳಿದೆ. ಆದರೆ ಸುಳಿವು ಇದೆ. ಏಟು ಹಾಕಿದಾಗ ನಿಮಗೂ ನೋವಾಗುತ್ತದಲ್ಲ, ಅದೇ ಸುಳಿವು. ಇನ್ನು ಕೆಲವರು ಈ ಜಾಗಕ್ಕೆ ಬಂದ ಕೂಡಲೇ ತತ್ವ ಶುರು ಮಾಡುತ್ತಾರೆ. ನೆರಳು ಅಂದರೆ ಅಹಂಕಾರ, ಒಂದಾಗೋದು ಅಂದರೆ ಅದ್ವೈತ. ನನಗೆ ಅಷ್ಟು ದೂರ ಹೋಗೋಕೆ ಮನಸ್ಸಿಲ್ಲ. ಮೆಮೊರಿ ಸಾಲದೆ ಮಾಡಿದ ಒಂದು ಜುಗಾಡು ಇಷ್ಟು ಚೆನ್ನಾಗಿ ಕಥೆಗೆ ಹೊಂದಿಕೊಂಡಿತಲ್ಲ, ನನಗೆ ಆ ಸಂತೋಷವೇ ಸಾಕು.

ಹುಡುಗಿಯರು ಹೇಳಿದ್ದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಕಥೆ ಹಳೆಯದು, ಹೆಣ್ಣು ಕಾಯುತ್ತಾಳೆ, ಗಂಡು ಬರುತ್ತಾನೆ. ಪರ್ಷಿಯಾ ಅನ್ನೋದೂ ಪಡುವಣದವರು ದೂರದಿಂದ ಕಂಡ ಪರ್ಷಿಯಾ. ಪಗಡಿ, ಕತ್ತಿ, ದುಷ್ಟ ಮಂತ್ರಿ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಾಪೋಕ್ಲಿನ ಹುಡುಗಿ ಒಬ್ಬಳು ನಗುತ್ತಾ ಹೇಳಿದಳು: "ಸರ್, ಇಡೀ ಆಟದಲ್ಲಿ ರಾಜಕುಮಾರಿ ಮಾಡೋ ಕೆಲಸ ಒಂದೇ, ಇಲಿ ಕಳ್ಸೋದು. ಅದೊಂದು ಮಾಡದಿದ್ರೆ ನಿಮ್ಮ ಪ್ರಿನ್ಸ್ ಎಂಟನೇ ಲೆವೆಲ್‌ನಲ್ಲೇ ಕೊಳೀಬೇಕಿತ್ತು." ನಿಜ. ಎಂಟನೇ ಹಂತದ ಕೊನೆಗೆ ಪ್ರಿನ್ಸ್ ಒಂದು ಬಾಗಿಲ ಹಿಂದೆ ಸಿಕ್ಕಿಹಾಕಿಕೊಳ್ಳುತ್ತಾನೆ. ಏನು ಮಾಡಿದರೂ ತೆರೆಯಲ್ಲ. ಕೈ ಬಿಟ್ಟು ಸುಮ್ನೆ ನಿಂತರೆ, ಸ್ವಲ್ಪ ಹೊತ್ತಿನ ಮೇಲೆ ರಾಜಕುಮಾರಿ ಕಳಿಸಿದ ಬಿಳಿ ಇಲಿ ಓಡಿ ಬಂದು ಗುಂಡಿ ಒತ್ತುತ್ತದೆ. ತಾಳ್ಮೆ ಇಲ್ಲದವರು ಇಲಿಯನ್ನು ನೋಡಲೇ ಇಲ್ಲ. ಹಾಗೊಂದು ಇಲಿ ಇದೆ ಅಂತ ಹೇಳಿದರೆ ನಂಬಲೂ ಇಲ್ಲ.

ಈಗಿನ ಮಕ್ಕಳ ಅಭಿಪ್ರಾಯ ಚಿಕ್ಕದು. "ಹಿಂದಕ್ಕೆ ಹೋಗೋದು ಯಾಕಿಲ್ಲ?" 2003ರಲ್ಲಿ ಬಂದ ಸ್ಯಾಂಡ್ಸ್ ಆಫ್ ಟೈಮ್ ಆಟದಲ್ಲಿ ಒಂದು ಕಠಾರಿ ಇದೆ. ಬಿದ್ದರೆ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಮತ್ತೆ ಹಾರಬಹುದು. ಆ ಆಟಕ್ಕೂ ಮೆಕ್ನರ್‌ನೇ ಕಥೆ ಬರೆದ. ಅದನ್ನು ಆಡಿ ಬೆಳೆದವರಿಗೆ ಮೊದಲನೇ ಆಟ ಕ್ರೂರ ಅನ್ನಿಸುತ್ತದೆ. ಅನ್ನಿಸಲಿ. ಎರಡನ್ನೂ ಆಡಿದ ಮೇಲೆ ಹೇಳಿದರೆ ನಾನು ಕೇಳುತ್ತೇನೆ. ಯೂಟ್ಯೂಬಿನಲ್ಲಿ ನೋಡಿ ಹೇಳುವವರ ಜೊತೆ ಮಾತ್ರ ನನಗೆ ಸ್ವಲ್ಪ ಜಗಳ ಇದೆ. ಈ ಆಟ ನೋಡೋಕೆ ಸುಲಭ, ಚಂದ. ಅದರ ತಡ ಗೊತ್ತಾಗೋದು ಬೆರಳಿಗೆ ಮಾತ್ರ.

ಇನ್ನೊಂದು ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ಆಪಲ್ 2ರ ಮೂಲ ಕೋಡ್ ಕಳೆದೇಹೋಗಿದೆ ಅಂತ ಮೆಕ್ನರ್ ಬಹಳ ವರ್ಷ ಅಂದುಕೊಂಡಿದ್ದ. 2012ರಲ್ಲಿ ಅವನ ಅಪ್ಪನ ಮನೆಯಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು, ಒಳಗೆ ಆ ಫ್ಲಾಪಿಗಳು. ಇಪ್ಪತ್ತು ವರ್ಷ ದಾಟಿದ ಫ್ಲಾಪಿ. ಹಳೆಯ ಮಷಿನ್‌ಗಳನ್ನು ಬಲ್ಲವರು ಬಂದು ಜೋಪಾನವಾಗಿ ಓದಿಸಿ ಕೊಟ್ಟರು. ಅವನು ಅದನ್ನು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಅನ್ನೋ ಜಾಲತಾಣದಲ್ಲಿ ಎಲ್ಲರಿಗೂ ಇಟ್ಟುಬಿಟ್ಟ. ಡಾಸ್ ಆವೃತ್ತಿಯನ್ನು ಬಿಚ್ಚಿ, ಇವತ್ತಿನ ಮಷಿನ್‌ನಲ್ಲಿ ಓಡುವಂತೆ ಮತ್ತೆ ಬರೆದ ಅಭಿಮಾನಿಗಳೂ ಇದ್ದಾರೆ. ಹೊಸ ಹಂತಗಳನ್ನು ಕಟ್ಟುವವರೂ ಇದ್ದಾರೆ. ಇವರು ಕಟ್ಟಿದ ಹಂತಗಳನ್ನು ಆಡಿ ನೋಡಿದರೆ ಒಂದು ಗೊತ್ತಾಗುತ್ತದೆ. ಅಂತಸ್ತು, ಕೋಣೆ, ಮುಳ್ಳು, ಬಾಗಿಲು ಎಲ್ಲ ಬದಲಾಯಿಸುತ್ತಾರೆ. ಓಡಿ ನಿಲ್ಲುವಾಗಿನ ಆ ಎರಡು ಹೆಜ್ಜೆಯನ್ನು ಹೆಚ್ಚಿನವರು ಮುಟ್ಟೋಕೆ ಹೋಗಲ್ಲ.

ಕೊನೆಗೆ ಎರಡು ಪ್ರಶ್ನೆ ಬಂದವು.

ಮೊದಲನೆಯದು ಒಬ್ಬ ಹಳೆಯ ಶಿಷ್ಯನದು. "ಸರ್, ನಾವು ಮೆಗಾಹಿಟ್ ಹಾಕಿ ಗೆದ್ದಿದ್ವಿ. ಅದು ಗೆದ್ದ ಹಾಗಾ?" ಎಲ್ಲರೂ ನಕ್ಕರು. ಗೊತ್ತಿಲ್ಲದವರಿಗೆ: ಡಾಸ್‌ನಲ್ಲಿ ಆಟ ಶುರು ಮಾಡುವಾಗ ಅದರ ಹೆಸರಿನ ನಂತರ ಮೆಗಾಹಿಟ್ ಅಂತ ಟೈಪ್ ಮಾಡಿದರೆ ಕಳ್ಳದಾರಿ ತೆರೆಯುತ್ತದೆ. ಒಂದು ಕೀ ಒತ್ತಿದರೆ ಕಾವಲುಗಾರ ಸಾಯುತ್ತಾನೆ, ಇನ್ನೊಂದಕ್ಕೆ ಜೀವ ಬರುತ್ತದೆ, ಇನ್ನೊಂದಕ್ಕೆ ಸಮಯ. ನಾನು ಅಂದೆ, ಗೆದ್ದ ಹಾಗೇ ಕಣಪ್ಪಾ, ನಿನ್ನನ್ನು ಯಾರು ಹಿಡಿಯೋಕೆ ಬರ್ತಾರೆ? ಆದರೆ ಒಂದು ಗಮನಿಸಿದ್ದೇನೆ. ಈ ಆಟ ಚಿಕ್ಕದು, ಅಂಥದ್ದೇನಿಲ್ಲ ಅಂದವರಲ್ಲಿ ಬಹಳಷ್ಟು ಜನ ಮೆಗಾಹಿಟ್‌ನವರೇ. ಅವರಿಗೆ ಕನ್ನಡಿಯೂ ಸಿಕ್ಕಿತು, ಇಲಿಯೂ ಸಿಕ್ಕಿತು. ಒಂದು ಬಾಟಲಿ ಕದ್ದದ್ದಕ್ಕೆ ಸಿಟ್ಟು ಮಾತ್ರ ಬರಲಿಲ್ಲ. ಕೀ ಒತ್ತಿದರೆ ಬೇಕಾದಷ್ಟು ಜೀವ ಇತ್ತಲ್ಲ.

ಎರಡನೆಯದು ಪಿಯುಸಿ ಓದುವ ಒಬ್ಬಳು ಹುಡುಗಿಯದು. "ಅಂಕಲ್, ನನ್ನ ಹತ್ರ ಮೊಬೈಲ್ ಮಾತ್ರ ಇದೆ. ಅದರಲ್ಲಿ ಆಡಬಹುದಾ?"

ಆಡಬಹುದು, ಆದರೆ ಬೇಡ ಪುಟ್ಟಿ. ಶಿಫ್ಟ್ ಹಿಡಿದುಕೊಂಡು ಬಾಣ ಒತ್ತೋದು ಗಾಜಿನ ಮೇಲೆ ಸರಿಯಾಗಿ ಬರಲ್ಲ, ಎರಡನೇ ಗುಂಡಿಗೇ ಬೇಜಾರಾಗಿ ಬಿಟ್ಟುಬಿಡ್ತೀಯ. ಕಾಲೇಜಿನ ಲ್ಯಾಬಿನಲ್ಲೋ, ಅಣ್ಣನ ಲ್ಯಾಪ್‌ಟಾಪಿನಲ್ಲೋ ಕೀಬೋರ್ಡ್ ಸಿಕ್ಕಿದಾಗ ಡಾಸ್ ಆವೃತ್ತಿ ಹಾಕಿಸಿಕೋ. ಮೊದಲ ಹಂತದಲ್ಲಿ ಕತ್ತಿ ಸಿಗೋವರೆಗೆ ಕಾವಲುಗಾರನ ಹತ್ತಿರ ಹೋಗಬೇಡ, ಒಂದೇ ಏಟಿಗೆ ಸಾಯ್ತೀಯ. ಎಂಟನೇ ಹಂತದ ಇಲಿ ವಿಷಯ ಈಗಾಗಲೇ ಹೇಳಿಬಿಟ್ಟೆ. ಮೂರನೇ ಹಂತದಲ್ಲಿ ಒಂದು ಎಲುಬಿನ ರಾಶಿ ಬಿದ್ದಿರುತ್ತದೆ. ಅದರ ಬಗ್ಗೆ ಏನೂ ಹೇಳಲ್ಲ.